ಬಣ್ಣ ಅತ್ತಿಗೆಯದು, ಕೊರಳು ನಿಮ್ಮದು

ನಮ್ಮ ಅತ್ತಿಗೆಯನ್ನು ಕೇಳದೆ ದೇವರು ಕಾಮನಬಿಲ್ಲು ಮಾಡಿದ್ದು ದೊಡ್ಡ ತಪ್ಪು. ಕೇಳಿದ್ದರೆ ಅದರಲ್ಲಿ ಹಸಿರಿನ ಪಕ್ಕ ನೀಲಿ ಇರುತ್ತಲೇ ಇರಲಿಲ್ಲ!

ಎಂಬತ್ತರ ದಶಕದಲ್ಲಿ ನಾನು ಓದಲೆಂದು ಹೋಗಿ ಅಮೆರಿಕದ ಕ್ಯಾಂಪ್‌ಬೆಲ್ಲಿನಲ್ಲಿ ಅಣ್ಣನ ಅಪಾರ್ಟ್‌ಮೆಂಟಿನಲ್ಲಿದ್ದೆ. ಅಣ್ಣ ಆಫೀಸಿಗೆ ಹೊರಟ ಕೂಡಲೇ ಅತ್ತಿಗೆ ಮಣಿಸರ ಪೋಣಿಸಲು ಕೂರುವರು. ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದು ಬಣ್ಣದ ಮಣಿ. ಮೈಸೂರಿನಿಂದ ಹೊತ್ತು ತಂದ ಆ ತಟ್ಟೆಯಲ್ಲಿ ಇಡ್ಲಿ ಬೆಂದದ್ದನ್ನು ನಾನಂತೂ ಕಾಣೆ. ಶನಿವಾರ ಫ್ಲೀ ಮಾರ್ಕೆಟ್ಟೆಂಬ ಅಲ್ಲಿನ ಸಂತೆಯಲ್ಲಿ ಸರಗಳ ಮಾರಾಟ. ಮಾರಾಟ ಅನ್ನಬೇಕೋ, ಜಗಳ ಅನ್ನಬೇಕೋ! ಕೊಳ್ಳುವವರು ಅವರು, ಹಾಕಿಕೊಳ್ಳುವವರು ಅವರು, ಬಣ್ಣ ಮಾತ್ರ ಅತ್ತಿಗೆ ಹೇಳಿದ್ದು. ಇದು ಯಾವ ಊರಿನ ನ್ಯಾಯ?

ಒಮ್ಮೆ ಒಬ್ಬ ಹುಡುಗಿ ಬಂದಳು. ಕೂದಲಿಗೆ ನೇರಳೆ ಬಣ್ಣ. ಸರವೂ ನೇರಳೆಯದೇ ಬೇಕೆಂದಳು.

"ತಲೆ ಮೇಲೂ ಬದನೆಕಾಯಿ, ಕೊರಳಲ್ಲೂ ಬದನೆಕಾಯಿ. ಎಣ್ಣೆಗಾಯಿ ಮಾಡ್ತಾಳಂತಾ, ಕೇಳು" ಎಂದರು ಅತ್ತಿಗೆ. ಅತ್ತಿಗೆಯ ಇಂಗ್ಲಿಷು ನಾನೇ ತಾನೆ? ನೇರಳೆ ಮುಗಿದುಹೋಗಿದೆ ಎಂದು ತರ್ಜುಮೆ ಮಾಡಿದೆ. ಇಡೀ ಗುಳಿ ನೇರಳೆ ಮಣಿ ಅವಳ ಕಣ್ಣೆದುರಿಗೇ ಹೊಳೆಯುತ್ತಿತ್ತು! ಸುಳ್ಳುಗಾತಿಯಾದದ್ದು ಯಾರು? ನಾನು.

ನನ್ನ ಕಥೆಯನ್ನಂತೂ ಕೇಳಲೇಬೇಡಿ. ಯುಗಾದಿ ಕಾರ್ಯಕ್ರಮಕ್ಕೆ ನೀಲಿ-ಬೆಳ್ಳಿ ಮಣಿಯ ಸರ ಕೇಳಿದ್ದೆ. ನನ್ನ ಮೈಬಣ್ಣಕ್ಕೆ ನೀಲಿ ಹಾಕಿದರೆ ಆಗಷ್ಟೇ ಜ್ವರ ಬಿಟ್ಟವಳ ಹಾಗೆ ಕಾಣುತ್ತೇನೆಂದು ಈರುಳ್ಳಿ ಬಣ್ಣದ್ದನ್ನು ಕೊರಳಿಗೆ ಹಾಕಿ ಕಳಿಸಿದರು. ಅಲ್ಲಿ ನಾಲ್ಕು ಜನ ಹೊಗಳಿದರು ಅನ್ನುವುದು ಬೇರೆ ವಿಷಯ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಕೆಳಗಿನ ಮನೆಗೆ ಹೊಸದಾಗಿ ಬಂದಿದ್ದ ಅಮೆರಿಕನ್ ಹೆಂಗಸಿನ ವಿಷಯದಲ್ಲಿ ಮಾತ್ರ ಅತ್ತಿಗೆ ಹದ್ದು ಮೀರಿದರು. ನಾನಿಲ್ಲದಾಗ ಆಕೆ ಬಂದು ಸರ ಕೇಳಿದ್ದರಂತೆ.

"ಮಾರ್ನಿಂಗಿಗೆ ಬೇಕು ಅಂದ್ರು ಕಣೇ. ಕಪ್ಪು ತೋರಿಸಿದ್ರು. ಬೆಳಬೆಳಿಗ್ಗೆ ಯಾರಾದ್ರೂ ಬರೀ ಕಪ್ಪು ಹಾಕ್ತಾರಾ?" ಎಂದು ನಕ್ಕ ಅತ್ತಿಗೆ, ಅರಿಶಿನ, ಕೇಸರಿ, ನಡುನಡುವೆ ಕುಂಕುಮದ ಬಣ್ಣ ಸೇರಿಸಿ, ಸೂರ್ಯ ಹುಟ್ಟುವ ಹೊತ್ತಿನ ಆಕಾಶವನ್ನೇ ಪೋಣಿಸಿ ಆಕೆಯ ಬಾಗಿಲಿಗೆ ತೂಗುಹಾಕಿ ಬಂದಿದ್ದರು.

ಎರಡು ದಿನ ಬಿಟ್ಟು ಬಟ್ಟೆ ಒಗೆಯುವ ಕೋಣೆಯಲ್ಲಿ ನನಗೆ ಸುದ್ದಿ ಸಿಕ್ಕಿತು. ಆಕೆಯ ಗಂಡ ತೀರಿಕೊಂಡಿದ್ದರು. ಇಂಗ್ಲಿಷಿನಲ್ಲಿ ಬೆಳಗಿಗೂ ಸಾವಿನ ಶೋಕಕ್ಕೂ ಒಂದೇ ಉಚ್ಚಾರ! ಓಡಿ ಬಂದು ಅತ್ತಿಗೆಯ ಮೇಲೆ ಹರಿಹಾಯ್ದೆ.

"ಗಂಡ ಹೋದವ್ರಿಗೆ ಅರಿಶಿನ-ಕುಂಕುಮದ ಬಣ್ಣ ಕೊಟ್ಬಿಟ್ನಲ್ಲೇ" ಎಂದು ಗೋಡೆಗೊರಗಿ ಕುಳಿತರು. ಆಮೇಲೆ, ಬರೀ ಕಪ್ಪು ಮಣಿ ಪೋಣಿಸುವುದಿಲ್ಲ ಎಂಬ ಹಟವನ್ನೂ ಬಿಟ್ಟು, ಕಪ್ಪು ಸರ ಪೋಣಿಸಿದರು.

ಅದನ್ನು ಹಿಡಿದು ಇಬ್ಬರೂ ಕೆಳಗೆ ಹೋದೆವು. ಬಾಗಿಲು ತೆರೆದ ಆಕೆಯ ಕಪ್ಪು ಬಟ್ಟೆಯ ಮೇಲೆ ಆ ಕೇಸರಿ ಸರವೇ ಇತ್ತು. ನಾನು ತಪ್ಪಾಯಿತೆಂದು ತೊದಲಿದೆ. ಆಕೆ ತಲೆಯಾಡಿಸಿ ನಿಧಾನವಾಗಿ ಹೇಳಿದರು. ದಿನಾ ಕಾಫಿ ಮಾಡಿ ಎಬ್ಬಿಸುತ್ತಿದ್ದವರು ಗಂಡನಂತೆ. ಅವರು ಹೋದ ಮೇಲೆ ಹಾಸಿಗೆಯಿಂದ ಏಳುವುದೇ ಬೇಡವಾಗಿತ್ತಂತೆ. ಈಗ ಈ ಸರ ಹಾಕಿಕೊಳ್ಳಲಿಕ್ಕಾದರೂ ಏಳುತ್ತಿದ್ದಾರಂತೆ. ಹೇಳುತ್ತಾ ಹೇಳುತ್ತಾ ಅತ್ತರು.

ಅತ್ತಿಗೆಗೆ ಒಂದೂ ಅರ್ಥವಾಗಿರಲಿಲ್ಲ. "ಬೈದ್ರೇನೇ?" ಎಂದರು ಸಣ್ಣ ದನಿಯಲ್ಲಿ.

"ಇಲ್ಲ ಅತ್ತಿಗೆ. ಬೆಳಿಗ್ಗೆ ಎದ್ದ ತಕ್ಷಣ ಹಾಕ್ಕೋತಾರಂತೆ."

"ಮತ್ತೆ? ನಾನು ಹೇಳ್ಲಿಲ್ವಾ, ಮಾರ್ನಿಂಗಿಗೇ ಅಂತ" ಎಂದ ಅತ್ತಿಗೆ, ಕಪ್ಪು ಸರವನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು, ತಮ್ಮ ಸೆರಗಿನಿಂದ ಆಕೆಯ ಕಣ್ಣು ಒರೆಸಿದರು.