‘ನೋಡೋಣ’ದ ಹಸ್ತಾಂತರ

ಕುರ್ಚಿ ಬಿಡುವುದು ಕಷ್ಟವಲ್ಲ. ಅದರಲ್ಲಿ ಕೂರಬೇಕಾದವರಿಗೆ ಕೂರುವುದನ್ನು ಕಲಿಸಿ ಬಿಡುವುದಿದೆಯಲ್ಲ, ಅದು ಕಷ್ಟ. ನಮ್ಮ ಅಜ್ಜ ಬಳ್ಳಾರಿಯ ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ದೊರೆಯೊಬ್ಬನ ಕುರ್ಚಿಗೆ ಬಂದವರು. ಹೊರಡುವ ಮುಂಚೆ ದೊರೆ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೆಲಸ ಹೇಳಿಕೊಟ್ಟನಂತೆ. ಆಗಿನ ಅವನ ಮುಖವನ್ನು ಅಜ್ಜ ಮಾಡಿ ತೋರಿಸುತ್ತಿದ್ದರು: ಹರಳೆಣ್ಣೆ ಕುಡಿದೂ ಮರ್ಯಾದೆ ಬಿಡದವನ ಮುಖ. ನಾವು ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ದೇಶ ನಮ್ಮದು, ಕುರ್ಚಿ ನಮ್ಮದು. ದೊರೆಗೆ ಯಾಕೆ ಮರುಗಬೇಕು?

ಈಗ ಮರುಗುತ್ತಿದ್ದೇನೆ. ಟೋಕಿಯೊದ ಮಿನಾಟೋದಲ್ಲಿರುವ ನಮ್ಮ ಕಂಪನಿ, ಹೊರದೇಶದವರ ಜಾಗಕ್ಕೆ ಇನ್ನು ಸ್ಥಳೀಯರನ್ನೇ ಕೂರಿಸುವುದೆಂದು ತೀರ್ಮಾನಿಸಿದೆ. ನ್ಯಾಯವೇ. ಬೆಂಗಳೂರಿನಲ್ಲಿ ನಾನೂ ‘ಸ್ಥಳೀಯರಿಗೇ ಕೆಲಸ ಕೊಡಿ’ ಎಂದು ಗಂಟಲು ಹರಿಯುವಂತೆ ಕೂಗಿದವನು. ಅದು ಇಷ್ಟು ದೂರ ಕೇಳಿಸುತ್ತದೆ ಎಂದುಕೊಂಡಿರಲಿಲ್ಲ.

ನನ್ನ ಜಾಗಕ್ಕೆ ಬಂದವರು ಮೋರಿ ಸಾನ್. ನಗಬೇಡಿ, ಅವರ ಭಾಷೆಯಲ್ಲಿ ಮೋರಿ ಎಂದರೆ ಕಾಡು. ಜಪಾನಿನಲ್ಲಿ ಕೆಲಸ ಬಿಡುವವನು ತನಗೆ ಗೊತ್ತಿರುವುದನ್ನೆಲ್ಲ ಮುಂದಿನವರಿಗೆ ಒಪ್ಪಿಸಿಯೇ ಹೋಗಬೇಕು. ಒಪ್ಪಿಸಲು ಕುಳಿತಾಗ ತಿಳಿಯಿತು, ಇಷ್ಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಇಲ್ಲಿನ ಗ್ರಾಹಕರು ‘ಕೆಂತೋ ಶಿಮಾಸು’, ಅಂದರೆ ‘ಪರಿಶೀಲಿಸುತ್ತೇವೆ’, ಎಂದಾಗ ಅದು ಆಗುವುದಿಲ್ಲ ಎಂದು ಬೆಂಗಳೂರಿನ ನಮ್ಮ ಆಫೀಸಿಗೆ ಹೇಳುವುದು. ಕಾಲ್‌ನಲ್ಲಿ ಬೆಂಗಳೂರಿನವರು ತಮ್ಮತಮ್ಮಲ್ಲೇ ‘ನೋಡೋಣ’ ಎಂದಾಗ ಅದೂ ಆಗುವುದಿಲ್ಲ ಎಂದು ಇವರಿಗೆ ಹೇಳುವುದು. ಎರಡು ‘ಇಲ್ಲ’ಗಳ ನಡುವೆ ಓಡಾಡಿಕೊಂಡೇ ಸಂಬಳ ತಿಂದಿದ್ದೇನೆ.

ಮೋರಿ ಸಾನ್ ಶ್ರದ್ಧೆಯ ಮನುಷ್ಯ. “ನೋಡೋಣಾ?” ಎಂದು ಅಭ್ಯಾಸ ಶುರುಮಾಡಿದರು.

“ಎಳೀಬೇಡಿ,” ಎಂದು ಜಪಾನಿಯಲ್ಲಿ ತಿದ್ದಿದೆ. “ಎಳೆದ್ರೆ ನಿಜವಾಗ್ಲೂ ನೋಡ್ಬೇಕಾಗುತ್ತೆ. ತಲೆ ಸ್ವಲ್ಪ ವಾಲಿಸಿ, ಕಿಟಕಿ ಕಡೆ ನೋಡ್ತಾ ಹೇಳಿ.”

ಇತ್ತ ನಿಶಿ ಕಸಾಯಿಯ ಮನೆಯಲ್ಲಿ ಹೆಂಡತಿ ಸುಮಾಳದು ಒಂದೇ ರಾಗ. “ಮಗಳ ಆರನೇ ಕ್ಲಾಸು ಮಾರ್ಚ್‌ಗೆ ಮುಗಿಯುತ್ತೆ ಕಣ್ರೀ. ಅಲ್ಲೀವರ್ಗಾದ್ರೂ ಇಟ್ಕೊಳ್ಳಿ ಅಂತ ಕೇಳಕ್ಕೆ ನಿಮ್ಗೆ ಬಾಯಿಲ್ವಾ?” ಮಗಳು ಇಲ್ಲೇ ಹುಟ್ಟಿದವಳು, ಬೆಂಗಳೂರೆಂದರೆ ಅವಳಿಗೆ ಬೇಸಿಗೆ ರಜೆ. ನಡುವರ್ಷದಲ್ಲಿ ಗೆಳತಿಯರನ್ನು ಬಿಟ್ಟು ಹೊರಡಬೇಕಾಗಬಹುದು ಎಂದಾಗ “ಯಾದಾ!” ಎಂದಳು, ಬೇಡವೇ ಬೇಡ ಎಂದು. ನಮ್ಮ ಮನೆಯಲ್ಲಿ ಇಲ್ಲವನ್ನು ಇಲ್ಲ ಎಂದೇ ಹೇಳುವವಳು ಅವಳೊಬ್ಬಳು.

ಮರುದಿನ ಧೈರ್ಯ ಮಾಡಿದೆ. ಕುರ್ಚಿಯಲ್ಲಿ ಆಗಲೇ ಮೋರಿ ಸಾನ್ ಕುಳಿತಿದ್ದರು. ಯಾರಿರಬೇಕು, ಯಾರು ಹೋಗಬೇಕು ಎಂಬುದೂ ಈಗ ಅವರ ಕೈಯಲ್ಲೇ. “ಸುಮಿಮಾಸೆನ್, ಕ್ಷಮಿಸಿ, ಮಗಳ ಆರನೇ ಕ್ಲಾಸು ಮುಗಿಯುವವರೆಗೆ ನನ್ನನ್ನು ಸಲಹೆಗಾರನಾಗಿ ಇಟ್ಟುಕೊಳ್ಳಬಹುದೇ? ಒಂದು ಸ್ಟೂಲ್ ಸಾಕು,” ಎಂದೆ.

ಮೋರಿ ಸಾನ್ ತಲೆ ಸ್ವಲ್ಪ ವಾಲಿಸಿದರು. ಕಿಟಕಿಯ ಕಡೆ ನೋಡಿದರು.

“ನೋಡೋಣ,” ಎಂದರು.

ಎಳೆಯಲಿಲ್ಲ. ಉಚ್ಚಾರಣೆಯಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಬಗ್ಗಿ ಅರಿಗಾತೋ ಹೇಳಿ ಬಂದೆ.

“ಏನಂದ್ರು?” ಬಾಗಿಲಲ್ಲೇ ಸುಮಾ ಕೇಳಿದಳು.

“ನೋಡೋಣ ಅಂದ್ರು.”

“ಕನ್ನಡದಲ್ಲೇ?”

“ಕನ್ನಡದಲ್ಲೇ.”

ಅವಳು ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸತೊಡಗಿದಳು. ಅದನ್ನು ನೋಡಿ ಮಗಳು ಅಳಲು ಶುರುಮಾಡಿದಳು. ಅಳುತ್ತಲೇ ನನ್ನತ್ತ ತಿರುಗಿದವಳು, ನನ್ನ ಮುಖ ನೋಡಿ, ಪಾಪ, ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟಳು. ಅಜ್ಜ ಮಾಡಿ ತೋರಿಸುತ್ತಿದ್ದ ದೊರೆಯ ಮುಖದಲ್ಲಿ ಉತ್ಪ್ರೇಕ್ಷೆ ಇರಲಿಲ್ಲವೆಂದು ಕಾಣುತ್ತದೆ.