ಕಾಲು ಕಾಲು ಇಂಚು

ಗಂಡನ ಸೊಂಟಕ್ಕೂ ಮನೆಯ ನೆಮ್ಮದಿಗೂ ನಂಟಿದೆ ಎಂದು ಟೇಲರಮ್ಮನಿಗೆ ಹೊಳೆದದ್ದು ಹನ್ನೊಂದು ವರ್ಷದ ಹಿಂದೆ, ಒಂದು ಮಧ್ಯಾಹ್ನ. ಅವಳ ಗಂಡ ಬಸ್ಸಿನ ಕಂಡಕ್ಟರು. ಅವತ್ತು ಡ್ಯೂಟಿ ಮುಗಿಸಿ ಬಂದವರೇ ಚೀಲ ಮೂಲೆಗೆಸೆದು, ಗೋಡೆ ಕಡೆ ಮುಖ ಮಾಡಿ ಕೂತರು. ಮುಂದಿಟ್ಟ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. (ತಟ್ಟೆ ತಳ್ಳುವ ಜಾಯಮಾನವೇ ಅವರದಲ್ಲ. ಅವರನ್ನು ಕಂಡರೆ ತಟ್ಟೆಯೇ ನಡುಗುತ್ತಿತ್ತು.)

"ಏನಾಯ್ತ್ರೀ?"

"ಡಿಪೋದಲ್ಲಿ ನನಗೊಂದು ಹೆಸರಿಟ್ಟಿದಾರೆ ಕಣೇ."

"ಏನಂತ?"

"ಡಬಲ್ ಸೀಟು."

ಟೇಲರಮ್ಮನಿಗೆ ಉಕ್ಕಿ ಬಂದ ನಗು ಗಂಟಲಲ್ಲೇ ನಿಂತಿತು. ಗಂಡನ ಕಣ್ಣಲ್ಲಿ ನೀರು. ಪ್ಯಾಂಟಿನಿಂದ ಕಿತ್ತು ಬಂದ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು, ನಲವತ್ತು ದಾಟಿದ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದರು. ಹೊಟ್ಟೆ ಕರಗಿಸುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ, ಹೊಲಿಗೆ ಬಿಚ್ಚುವ ವಿದ್ಯೆ ಗೊತ್ತಿತ್ತು. "ಕೊಡಿ ಇಲ್ಲಿ, ಗುಂಡಿ ಹಾಕ್ಕೊಡ್ತೀನಿ" ಎಂದು ಪ್ಯಾಂಟು ಇಸಿದುಕೊಂಡಳು. ಗುಂಡಿಯನ್ನೂ ಹಾಕಿದಳು, ಹಿಂಬದಿಯ ಹೊಲಿಗೆ ಬಿಚ್ಚಿ ಒಳಗೆ ಮಡಿಸಿಟ್ಟ ಬಟ್ಟೆಯನ್ನು ಕಾಲು ಇಂಚು ಹೊರಗೂ ಬಿಟ್ಟಳು. ಮೇಲೆ ಇಸ್ತ್ರಿ ಎಳೆದಳು.

ಮಾರನೆಯ ಬೆಳಗ್ಗೆ ಕಂಡಕ್ಟರು ಪ್ಯಾಂಟು ಏರಿಸಿಕೊಂಡು ಕೂಗಿದರು. "ಲೇ, ನೋಡು ಬಾರೇ! ಒಂದು ಹೊತ್ತು ಬಿಟ್ಟಿದ್ದಕ್ಕೇ ಎಷ್ಟು ಸಡಿಲ ಆಗಿದೆ!" ಆ ಖುಷಿಗೆ ತಟ್ಟೆ ಎರಡು ಸಲ ಖಾಲಿಯಾಯಿತು.

ಅಂದಿನಿಂದ ಗಂಡನ ಉದರಸಾಮ್ರಾಜ್ಯ ವಿಸ್ತಾರವಾದ ಹಾಗೆಲ್ಲ ಟೇಲರಮ್ಮ ಸದ್ದಿಲ್ಲದೆ ಗಡಿಕಲ್ಲು ಕಿತ್ತು ಆಚೆ ನೆಡುತ್ತ ಹೋದಳು. ಹಿಂಬದಿಯ ಬಟ್ಟೆ ಮುಗಿದಾಗ ಪಕ್ಕದ ಹೊಲಿಗೆ ಬಿಚ್ಚಿದಳು. ಅದೂ ಮುಗಿದಾಗ ಹಳೆಯ ಖಾಕಿಯಿಂದ ಪಟ್ಟಿ ಕತ್ತರಿಸಿ ಒಳಗೆ ಸೇರಿಸಿದಳು. ಅವರು ಅಳತೆ ಕೇಳಿದರೆ ಟೇಪು ಸುತ್ತಿ, ಕಣ್ಣು ಮಿಟುಕಿಸದೆ "ಮೂವತ್ತಾರು" ಎನ್ನುತ್ತಿದ್ದಳು. (ಮನೆಯ ಕನ್ನಡಿ ಮುಖದಷ್ಟೇ ಅಗಲ. ಆಳೆತ್ತರದ್ದು ಟೇಲರಮ್ಮನ ಹೊಲಿಗೆ ಅಂಗಡಿಯಲ್ಲಿ, ಹೆಂಗಸರ ಪರದೆಯ ಹಿಂದಿತ್ತು. ಕತ್ತಿನ ಕೆಳಗಿನ ಸಮಾಚಾರಕ್ಕೆಲ್ಲ ಅವರು ಹೆಂಡತಿಯ ಟೇಪನ್ನೇ ನಂಬಬೇಕಿತ್ತು. ನಂಬಿದರು.) "ಮೈಯಲ್ಲಿ ಸ್ವಲ್ಪ ತುಂಬ್ಕೊಂಡಿರಬಹುದು, ಸೊಂಟ ಮಾತ್ರ ಹುಡುಗಂದು!" ಎಂದು ಬಸ್ಸಿನಲ್ಲೆಲ್ಲ ಹೇಳಿಕೊಂಡರು. ಡಿಪೋದವರು ನಕ್ಕರೆ ಹೊಟ್ಟೆಕಿಚ್ಚು ಎಂದುಕೊಂಡರು.

ಹೀಗಿರುವಾಗ ಹೊಸ ಬೂಟು ಕಿರುಬೆರಳನ್ನು ಕಚ್ಚಿತು. ಸಣ್ಣ ಗಾಯ, ಕಡಲೆಯಷ್ಟು. ವಾರ ಕಳೆಯಿತು, ತಿಂಗಳು ಕಳೆಯಿತು, ಮಾಯಲಿಲ್ಲ. ಎರಡನೆಯ ತಿಂಗಳು ಬೆರಳು ಕಪ್ಪಗಾದಾಗ ಗಂಡಹೆಂಡಿರು ಆಸ್ಪತ್ರೆಯ ಬೆಂಚು ಹತ್ತಿದರು.

ಡಾಕ್ಟರಮ್ಮ ರಕ್ತದ ಚೀಟಿ ನೋಡಿ, ಬೆರಳು ನೋಡಿ, ಕಡೆಗೆ ಹೊಟ್ಟೆ ನೋಡಿದರು. "ಸಕ್ಕರೆ ಕಾಯಿಲೆ ಜೋರಾಗೇ ಇದೆ. ಇಷ್ಟು ದಪ್ಪ ಯಾವಾಗಿಂದ ಆದ್ರಿ?"

"ದಪ್ಪ ಎಲ್ಲಿ ಬಂತು ಡಾಕ್ಟ್ರೇ? ಹನ್ನೊಂದು ವರ್ಷದ ಹಿಂದಿನ ಪ್ಯಾಂಟು ಇದು. ಸೊಂಟ ಮೂವತ್ತಾರು."

ಡಾಕ್ಟರಮ್ಮ ಟೇಪು ಸುತ್ತಿದರು. "ನಲವತ್ತಾರು."

"ನಿಮ್ಮ ಟೇಪು ಕೆಟ್ಟಿದೆ. ನನ್ನ ಹೆಂಡ್ತಿ ಟೇಲರು, ಕೇಳಿ ಬೇಕಾದ್ರೆ."

ಟೇಲರಮ್ಮ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದಳು. ಡಾಕ್ಟರಮ್ಮ ಸೊಂಟದ ಪಟ್ಟಿಯನ್ನು ಮಗುಚಿದರು. ಒಳಗೆ ಪಟ್ಟಿಯ ಪಕ್ಕ ಪಟ್ಟಿ, ಮಾಸಿದ ಖಾಕಿ, ಅರೆಮಾಸಿದ ಖಾಕಿ, ಹೊಸ ಖಾಕಿ. "ಎಷ್ಟು ಅಚ್ಚುಕಟ್ಟು ಹೊಲಿಗೆ! ಯಾರದಿದು?" ಎಂದರು. ಮೂವತ್ತು ವರ್ಷದ ಕಸುಬಿನಲ್ಲಿ ಯಾವ ಹೊಗಳಿಕೆಯೂ ಟೇಲರಮ್ಮನನ್ನು ಹಾಗೆ ಚುಚ್ಚಿರಲಿಲ್ಲ. ಮಾತು ತಿರುಗಿಸಲು ಬಾಯಿ ಹಾಕಿದಳು.

"ಅಲ್ಲ ಡಾಕ್ಟ್ರೇ, ಹೊಟ್ಟೆ ಎಲ್ಲೋ ಕಿರುಬೆರಳೆಲ್ಲೋ! ದಪ್ಪಕ್ಕೂ ಗಾಯಕ್ಕೂ ಏನು ಸಂಬಂಧ?"

"ಕೊಬ್ಬು ಅಂದ್ರೆ ಮೂಟೆ ಕಟ್ಟಿಟ್ಟ ಸಾಮಾನಲ್ಲಮ್ಮ. ಜೀವ ಇರೋ ಸಣ್ಣ ಸಣ್ಣ ಕಣಗಳು. ತುಂಬಿ ತುಂಬಿ ಉಬ್ಬಿದಾಗ ಅವಕ್ಕೆ ರಕ್ತ ಸರಿಯಾಗಿ ಸಿಗಲ್ಲ, ಕೆಲವು ಸಾಯ್ತವೆ. ಆಗ ಮೈ ಕಾಯೋ ಕಣಗಳು ಓಡಿ ಬರ್ತವೆ. ಸೋಂಕು ತಗುಲಿದ್ರೆ ಹೋರಾಡ್ತವಲ್ಲ, ಅವೇ. ಸತ್ತದ್ದರ ಸುತ್ತ ಕೂತು ತಿಂದು ಗುಡಿಸ್ತವೆ."

"ಒಳ್ಳೇದೇ ಆಯ್ತಲ್ಲ?"

"ಅಪರೂಪಕ್ಕಾದ್ರೆ ಒಳ್ಳೇದು. ದಿನಾ ಸಾವಾದ್ರೆ? ಬಂದವು ಎದ್ದು ಹೋಗೋದೇ ಇಲ್ಲ. ಇನ್ನಷ್ಟನ್ನ ಕರೀತವೆ, ಸಿಟ್ಟಿಗೇಳ್ತವೆ. ಉರಿಯೂತ ಅನ್ನೋದು ಅದಕ್ಕೇ. ಆ ಗಲಾಟೆ ರಕ್ತದಲ್ಲಿ ಮೈಯೆಲ್ಲ ಹರಡುತ್ತೆ. ಸಕ್ಕರೆ ಒಳಗೆ ತಗೊಳ್ಳಿ ಅಂತ ಇನ್ಸುಲಿನ್ ಎಷ್ಟು ಬಾಗಿಲು ತಟ್ಟಿದ್ರೂ ಯಾರಿಗೂ ಕೇಳಿಸಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ, ಗಾಯ ಮಾಯಲ್ಲ."

"ಸಾವಿನ ಮನೆಗೆ ಸಮಾಧಾನ ಹೇಳೋಕೆ ಬಂದ ನೆಂಟರು ಅಲ್ಲೇ ಬಿಡಾರ ಹೂಡಿ ಜಗಳ ತೆಗೆದಂಗೆ" ಎಂದಳು ಟೇಲರಮ್ಮ.

"ಬೇಲಿಯೇ ಎದ್ದು ಹೊಲ ಮೇಯ್ದಂಗೆ" ಎಂದರು ಕಂಡಕ್ಟರು. ಅವರು ನೋಡುತ್ತಿದ್ದದ್ದು ಡಾಕ್ಟರಮ್ಮನನ್ನಲ್ಲ.

"ಬಯ್ಯಬೇಡಿ ಪಾಪ, ಕಾಪಾಡೋಕೇ ಬಂದವು" ಎಂದು ಡಾಕ್ಟರಮ್ಮ ಚೀಟಿ ಬರೆದರು. "ಈ ಬೆರಳು ಉಳಿಯಲ್ಲ. ಪಾದ ಉಳೀಬೇಕಾದ್ರೆ ಔಷಧಿ ತಪ್ಪಿಸಬೇಡಿ, ಸೊಂಟ ಇಳಿಸಿ. ಅದು ಇಳಿದ್ರೆ ಒಳಗಿನ ಗಲಾಟೆನೂ ಇಳಿಯುತ್ತೆ."

ಮನೆಯ ದಾರಿಯಲ್ಲಿ ಮೂರು ಬಸ್ಸು ಹೋದವು. ಕಂಡಕ್ಟರು ಯಾವುದಕ್ಕೂ ಕೈ ಮಾಡಲಿಲ್ಲ, ಕುಂಟುತ್ತ ನಡೆದರು.

"ಎಷ್ಟು ವರ್ಷದಿಂದ?"

"ಹನ್ನೊಂದು."

"ಒಂದೊಂದು ಸಲಕ್ಕೆ ಎಷ್ಟು?"

"ಕಾಲು ಇಂಚು ಅಷ್ಟೇ ಕಣ್ರೀ. ಬರೀ ಕಾಲು ಇಂಚು."

"ಕಾಲು ಕಾಲು ಸೇರಿಸಿ ನನ್ನ ಕಾಲಿಗೇ ತಂದೆಯಲ್ಲೇ! ಮೊದಲ ಇಂಚಿಗೇ ಹೇಳಬಾರದಿತ್ತಾ?"

"ಅವತ್ತು ನೀವು ಅಳ್ತಿದ್ರಿ."

"ಇವತ್ತು ನಗ್ತಿದೀನಾ?"



ಕಿರುಬೆರಳನ್ನು ಆ ವಾರವೇ ತೆಗೆದರು. ಆಸ್ಪತ್ರೆಯಿಂದ ಬಂದ ಮೇಲೆ ಕಂಡಕ್ಟರು ಕೋಲೂರಿ ನಡೆದರು, ಬೇಯಿಸಿದ ತರಕಾರಿ ಅಳೆದು ತಿಂದರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದರು. ಹೆಂಡತಿಯೊಂದಿಗೆ ಮಾತ್ರ "ಹೂಂ", "ಊಹೂಂ", ಅಷ್ಟೇ. ಅವಳು ಹೊಲಿದ ಪ್ಯಾಂಟು ಮುಟ್ಟಲಿಲ್ಲ, ಲುಂಗಿಯಲ್ಲೇ ಎರಡು ತಿಂಗಳು ದೂಡಿದರು. ಇನ್ನೊಂದಿಷ್ಟು ಹೊತ್ತು ಬಯ್ದಿದ್ದರೆ ಚೆನ್ನಾಗಿತ್ತು ಎಂದು ಟೇಲರಮ್ಮನಿಗೆ ಎಷ್ಟು ಸಲ ಅನಿಸಿತೋ.

ಡಿಪೋದ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಸೇರುವ ಮುಂಚಿನ ದಿನ ಕಂಡಕ್ಟರು ಸೀದಾ ರೆಡಿಮೇಡ್ ಅಂಗಡಿಗೆ ಹೋದರು! ಟೇಲರ ಗಂಡ ರೆಡಿಮೇಡ್ ಪ್ಯಾಂಟು ಕೊಂಡ ಸುದ್ದಿ, ಕೋಲೂರಿ ಬರುವ ಗಂಡನಿಗಿಂತ ಮುಂಚೆ ಬೀದಿಯುದ್ದಕ್ಕೂ ಓಡಿ ಬಂತು. ಟೇಲರಮ್ಮ ಮಿಷನ್ನಿನ ಮೇಲೆ ತಲೆ ಬಗ್ಗಿಸಿದಳು. ತಲೆ ಎತ್ತಿದಾಗ ಕಂಡಕ್ಟರು ಅವಳ ಅಂಗಡಿಯಲ್ಲೇ ನಿಂತಿದ್ದರು. ಕೋಟಿಗೆ ಗುಂಡಿ ಹಾಕಿಸಲು ಬಂದ ಸ್ಕೂಲ್ ಮೇಷ್ಟ್ರು, ಮಗಳ ಫ್ರಾಕಿಗೆ ಬಂದ ನರ್ಸು, ಅವರ ಹಿಂದೆ ಮೂರನೆಯವರಾಗಿ.

"ಇದೇನ್ರೀ ಇದು? ಒಳಗೆ ಬನ್ನಿ."

"ನನ್ನ ಸರದಿ ಬರಲಿ. ಸಾಲು ಮುರಿಯೋರಿಗೆ ಜೀವಮಾನ ಎಲ್ಲ ಬಯ್ದೋನು ನಾನು."

ಸರದಿ ಬಂತು. ಕಂಡಕ್ಟರು ಪ್ಯಾಂಟನ್ನು ಮೇಜಿನ ಮೇಲೆ ಬಿಡಿಸಿದರು. ಸೊಂಟ ನಲವತ್ತಾರರದ್ದು, ಉದ್ದ ಯಾವನೋ ರಾಕ್ಷಸನದ್ದು. "ಟೇಲರಮ್ಮಾ," ಎಂದರು, ಅಪರಿಚಿತರನ್ನು ಕರೆದ ಹಾಗೆ, "ಉದ್ದ ಕತ್ತರಿಸಬೇಕು. ಅದಕ್ಕೆ ಮುಂಚೆ ನನ್ನ ಸೊಂಟ ಅಳೆದು ಎಲ್ಲರೆದುರು ಜೋರಾಗಿ ಹೇಳಿ. ಹಿಂದಿನ ಸೀಟಿನವರಿಗೂ ಕೇಳಿಸಬೇಕು."

ಟೇಲರಮ್ಮ ಟೇಪು ಸುತ್ತಿದಳು. ನೋಡಿದಳು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಳು. "ನಲವತ್ನಾಲ್ಕು ಕಣ್ರೀ! ಎರಡು ಇಂಚು ಇಳಿದಿದೀರಿ!"

ಕಂಡಕ್ಟರ ಮುಖ ಗಂಟಿಕ್ಕಿತು. "ಇನ್ನೊಂದ್ಸಲ."

"ನಲವತ್ನಾಲ್ಕು, ದೇವರಾಣೆ."

"ಮೂವತ್ತಾರು ಅನ್ನುವಾಗ ಯಾವ ಆಣೆ ಇಟ್ಟಿದ್ರಿ? ಮೇಷ್ಟ್ರೇ, ಸ್ವಲ್ಪ ಬನ್ನಿ. ಟೇಪು ನೀವು ಓದಿ."

ಹೊರಟಿದ್ದ ಮೇಷ್ಟ್ರು ಮುಜುಗರದಿಂದ ಕನ್ನಡಕ ಏರಿಸಿಕೊಂಡು ಬಗ್ಗಿದರು. ಮೂವತ್ತು ವರ್ಷದಿಂದ ಬೀದಿಗೆಲ್ಲ ಅಳತೆ ಹೇಳಿದ ಹೆಂಗಸು, ತನ್ನ ಟೇಪನ್ನು ಇನ್ನೊಬ್ಬರು ಓದುವಾಗ ಉಸಿರು ಬಿಗಿಹಿಡಿದು ನಿಂತಳು.

"ನಲವತ್ನಾಲ್ಕೇ ಸ್ವಾಮಿ" ಎಂದರು ಮೇಷ್ಟ್ರು.

ಕಂಡಕ್ಟರು ಟೇಪನ್ನು ಸೊಂಟದಿಂದ ಬಿಡಿಸಿ ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಮೇಷ್ಟ್ರು ಹೇಳಿದ ಮೇಲೆ ಸರಿ" ಎಂದರು.

ಟೇಲರಮ್ಮ ಧೈರ್ಯ ತಂದುಕೊಂಡು ಕೇಳಿದಳು. "ಹಂಗಾದ್ರೆ ಇದು ಎರಡು ಇಂಚು ಸಡಿಲ ಆಗುತ್ತಲ್ರೀ. ಸೊಂಟದ ಹತ್ರ ಸ್ವಲ್ಪ ಒಳಗೆ ಹಿಡೀಲಾ? ಚೂರೇ ಚೂರು."

"ಬೇಡ," ಎಂದರು ಕಂಡಕ್ಟರು, ಕೋಲು ಕೈಗೆತ್ತಿಕೊಳ್ಳುತ್ತ. "ಎಷ್ಟು ಸಡಿಲ ಆಗುತ್ತೋ ನಾನೇ ನೋಡ್ತೀನಿ. ನೀವು ಉದ್ದ ಮಾತ್ರ ಕತ್ತರಿಸಿ. ಸೊಂಟ ಮುಟ್ಟಬೇಡಿ."