ಛತ್ರಿ, ತೆಂಗಿನಕಾಯಿ ಮತ್ತು ಅರ್ಧ ಹುಟ್ಟಿನ ವಾಪಸಾತಿ ಕುರಿತು

ಇಂದ,
ಸೌ. ದಾನವ್ವ ಚಂದ್ರಾಮ ತಿಕೋಟಿ,
ಶಾಲಾ ಕಚೇರಿಯ ಗುಮಾಸ್ತೆ, ಸಯನ್, ಮುಂಬಯಿ.
(ಯಜಮಾನರ ಹೆಸರನ್ನು ಕಚೇರಿ ನಿಯಮದಂತೆ ಬರೆದಿದೆ, ಬಾಯಿಂದ ಹೇಳಿಲ್ಲ.)

ಗೆ,
ಮಾನ್ಯ ಸಮುದ್ರರಾಜರು,
ಅರಬ್ಬೀ ವಿಭಾಗ,
ವರ್ಸೋವಾ ದಂಡೆ, ಅಂಧೇರಿ ಪಶ್ಚಿಮ.

ವಿಷಯ: ಯಜಮಾನರ ಅರ್ಧ ಹುಟ್ಟನ್ನು ಹಿಂತಿರುಗಿಸಿ, ಬರುವ ಭಾನುವಾರ ಅವರ ಕಯಾಕನ್ನು ಮರುಪರೀಕ್ಷೆಗೆ ತೆಗೆದುಕೊಳ್ಳುವ ಬಗ್ಗೆ.

ಉಲ್ಲೇಖ: ೧) ಹೋದ ಭಾನುವಾರ ತಾವು ಎಡಗಡೆಯಿಂದ ಕಳುಹಿಸಿದ ಅಲೆ.
೨) ಅದರ ಬೆನ್ನಿಗೇ ಕಳುಹಿಸಿದ ಇನ್ನೊಂದು. ಅದರ ಅಗತ್ಯವಿರಲಿಲ್ಲ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

೧. ಅರ್ಜಿದಾರಳ ಯಜಮಾನರು ಬೈಕುಲ್ಲಾದ ಫೈಬರ್ ವರ್ಕ್‌ಶಾಪೊಂದರಲ್ಲಿ ನೀರಿನ ಟಾಕಿ ಮಾಡುತ್ತಾರೆ. ಮದುವೆಗೆ ಮುಂಚಿನಿಂದಲೂ ಟಾಕಿಯೇ. ಮನೆಯಲ್ಲಿ ಅವರ ಮಾತೂ ಹಾಗೇ, ಮೇಲೆ ಮುಚ್ಚಳ. ಅರ್ಜಿದಾರಳನ್ನು ಅವರು ಇದುವರೆಗೆ ಹೆಸರು ಹಿಡಿದು ಕರೆದವರಲ್ಲ. "ಏ, ಕೇಳಿಲ್ಲೆ" ಅಂದರೆ ಅದೇ ಅರ್ಜಿದಾರಳು. ಪಕ್ಕದ ಫ್ಲ್ಯಾಟಿನ ಗುಜರಾತಿ ಹೆಂಗಸು ಅದನ್ನೇ ಹೆಸರೆಂದು ತಿಳಿದು "ಕೇಳಿಲ್ಲೆ ಬೆನ್" ಎಂದು ಕರೆಯುತ್ತಾಳೆ.

೨. ಇಂಥ ಮನುಷ್ಯ ಈ ವರ್ಷ ಮಾಲೀಕ ಗುರುಬಸವ ಅವರನ್ನು ಒಪ್ಪಿಸಿ ಒಂದು ಕಯಾಕ್ ಮಾಡಿದರು. ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಬೆನ್ನ ಹಿಂದೆ ಗಾಳ ಸಿಕ್ಕಿಸಲು ಎರಡು ತೂತು. ಅಂದರೆ ಮೀನು ಹಿಡಿಯುವ ದೋಣಿ. ಯಜಮಾನರೋ, ಲೋಕಲ್‌ನಲ್ಲಿ ಮೀನಿನ ಬುಟ್ಟಿ ಕಂಡರೆ ಇಳಿದು ರೈಲಿನ ಡಬ್ಬಿ ಬದಲಿಸುವವರು.

"ಅಲ್ರೀ, ಮೀನ ಮುಟ್ಟದವ್ರು ಮೀನ ಹಿಡಿಯೂ ದೋಣಿ ಮಾಡ್ತೀರೇನ?" ಎಂದು ಅರ್ಜಿದಾರಳು ಕೇಳಿದ್ದುಂಟು.

"ಬಳಿ ಮಾರಾಂವ ಬಳಿ ಇಟ್ಕೊತಾನೇನ?" ಎಂದರು. ಆ ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದೇ.

೩. ವರ್ಸೋವಾ ಕೋಳಿವಾಡೆಯ, ಅಂದರೆ ಬೆಸ್ತರ ಕೇರಿಯ, ಅಮೋಲ್ ಎಂಬ ಮೀನುಗಾರ ಕಯಾಕ್ ಕೊಳ್ಳಲು ಒಪ್ಪಿದ. ಆದರೆ ಶ್ರಾವಣದ ಒರಟು ನೀರಿನಲ್ಲಿ ಮೊದಲು ಓಡಿಸಿ ತೋರಿಸಬೇಕೆಂದ. "ಶಾಂತ್ ಪಾನೀ ಮೇ ತೋ ಥಾಲೀ ಭೀ ತೈರ್ತೀ ಹೈ, ಕಾಕಾ." ತಟ್ಟೆಯೂ ತೇಲುವ ನೀರಿನಲ್ಲಿ ದೋಣಿ ತೇಲಿಸಿದರೆ ಏನು ಬಂತು ಎಂಬುದು ಅವನ ವಾದ. ನ್ಯಾಯವೇ. ಕಾರಣ ಯಜಮಾನರೇ ಇಳಿಯುವುದೆಂದಾಯಿತು. ಊರ ಬಾವಿಯಲ್ಲಿ ಈಜು ಕಲಿತವರು ಅವರು. ಬಾವಿಗೆ ಮೆಟ್ಟಿಲಿರುತ್ತದೆ, ತಮಗಿಲ್ಲ ಎಂದು ಅರ್ಜಿದಾರಳು ನೆನಪಿಸಿ, ಜೀವರಕ್ಷಕ ಜಾಕೀಟಿನ ಪಟ್ಟಿಯನ್ನು ತಾನೇ ಎಳೆದು ಬಿಗಿದಳು.

೪. ಇನ್ನು ತೆಂಗಿನಕಾಯಿ. ಹೊಸ ಗಾಡಿಗೆ ಪೂಜೆ ಆಗಲೇಬೇಕಲ್ಲ. ನಿಂಬೆಹಣ್ಣು ತಂದಿದ್ದಾಯಿತು, ಆದರೆ ಈ ಗಾಡಿಗೆ ಗಾಲಿಯೇ ಇಲ್ಲ. ಆದ್ದರಿಂದ ಕಾಯಿ ಒಡೆದು, ಒಂದು ಹೋಳು ತಮಗೆ ಅರ್ಪಿಸಿ, ಇನ್ನೊಂದನ್ನು ನಮ್ಮ ಕಡೆಯ ಪದ್ಧತಿಯಂತೆ ಪ್ರಸಾದವೆಂದು ಅರ್ಜಿದಾರಳು ಚೀಲಕ್ಕೆ ಹಾಕಿಕೊಂಡಳು. ಅಮೋಲನ ತಾಯಿ ಹಣೆ ಚಚ್ಚಿಕೊಂಡಳು.

"ಅರ್ಧಾ ನಾರಳ್? ಪೂರ್ಣ ದ್ಯಾಯ್ಚಾ ಅಸ್ತೋ, ಬಾಯಿ!"

ತಮಗೆ ಇಡೀ ಕಾಯಿಯನ್ನೇ ಕೊಡಬೇಕೆಂಬುದು ವಿಜಯಪುರದ ಕಡೆಯವರಿಗೆ ಹೇಗೆ ಗೊತ್ತಾಗಬೇಕು? ನಮ್ಮ ದೇವರುಗಳೆಲ್ಲ ಅರ್ಧ ವಾಪಸ್ ಕೊಡುವವರು. ಸದರಿ ಹೋಳು ಸಂಜೆ ಚಟ್ನಿಯಾಗಿ ವಿಲೇವಾರಿಯಾಗಿದೆ.

೫. ಮೊದಲು ಎಲ್ಲವೂ ಸುಸೂತ್ರ. ಅಲೆಯ ಮೇಲೆ ಮೂಗು ಎತ್ತಿ, ಇಳಿದು, ಮತ್ತೆ ಎತ್ತಿ ಕಯಾಕ್ ಸಾಗಿತು. ಹಿಂದೆಯೇ ತನ್ನ ಬೋಟಿನಲ್ಲಿದ್ದ ಅಮೋಲ್ ಹೆಬ್ಬೆರಳೆತ್ತಿದ. ಆಗ ಯಜಮಾನರು ನಕ್ಕರು. ಬಾಯ್ತುಂಬ ನಕ್ಕಿದ್ದು ದಂಡೆಗೂ ಕೇಳಿಸಿತು. ಅಯ್ಯೋ, ಈ ಮನುಷ್ಯನ ಒಳಗೆ ಇಂಥ ನಗು ಇತ್ತೇ ಎಂದು ಅರ್ಜಿದಾರಳು ನೀರಿನ ಕಡೆಗೆ ನಾಲ್ಕು ಹೆಜ್ಜೆ ನಡೆದಳು. ಸಂತೋಷವೇ ಆಯಿತು, ಬರೆದಿಟ್ಟರೆ ತಪ್ಪೇನು.

೬. ಗಾಳದ ತೂತನ್ನೂ ಪರೀಕ್ಷಿಸಬೇಕಿತ್ತು. ಗಾಳ ಮುಟ್ಟಲು ಮನಸ್ಸೊಪ್ಪದೆ ಯಜಮಾನರು ಅಲ್ಲಿ ತಮ್ಮ ಮಡಚಿದ ಛತ್ರಿಯನ್ನು ಸಿಕ್ಕಿಸಿದ್ದರು. ಗಾಳಿ ಬಂತು. ಛತ್ರಿ ಬಿಚ್ಚಿತು.

"ಕಾಕಾ, ಛತ್ರಿ ಬಂದ್ ಕರಾ!" ಎಂದು ಅಮೋಲ್ ಕೂಗುವಷ್ಟರಲ್ಲಿ ಛತ್ರಿ ದೋಣಿಯನ್ನು ಅಡ್ಡ ತಿರುಗಿಸಿತ್ತು, ಉಲ್ಲೇಖ ೧ರ ಅಲೆ ಬಂದು ಅದನ್ನು ಮಗುಚಿ ಹಾಕಿತ್ತು. ಕುಣಿಯಲಾರದವರು ನೆಲ ಡೊಂಕು ಅಂದರು ಎಂದು ತಾವು ಅನ್ನಬಹುದು. ಆದರೆ ತಮ್ಮ ನೆಲ ನಿಜಕ್ಕೂ ಡೊಂಕೇ ಇದೆ.

೭. ಅಮೋಲ್ ಯಜಮಾನರನ್ನು ಜಾಕೀಟು ಹಿಡಿದು ಎತ್ತಿಕೊಂಡ. ದೋಣಿಗೆ ಗೀರೂ ಬೀಳಲಿಲ್ಲ. ಛತ್ರಿಯೂ ತೂತಿನಲ್ಲೇ ಸಿಕ್ಕಿಕೊಂಡು ಉಳಿಯಿತು. ಎರಡು ತುಂಡು ಜೋಡಿಸಿದ ಹುಟ್ಟಿನಲ್ಲಿ ಒಂದು ತುಂಡು ತಾವು ಇಟ್ಟುಕೊಂಡಿರಿ, ಒಂದು ಕೊಟ್ಟಿರಿ. ಚಪ್ಪಲಿಯಲ್ಲೂ ಒಂದು. ಲೆಕ್ಕದಲ್ಲಿ ತಾವು ಚೊಕ್ಕ ಎಂಬುದನ್ನು ಅರ್ಜಿದಾರಳು ಒಪ್ಪುತ್ತಾಳೆ.

೮. ದೋಣಿ ಮಗುಚಿ ತೇಲುತ್ತಿದ್ದಾಗ ಅದರ ತಳ ದಂಡೆಗೆ ಕಂಡಿತು. ಅಲ್ಲಿ ಕೆಂಪು ಬಣ್ಣದಲ್ಲಿ, ಟಾಕಿಯ ಮೇಲೆ ಲೀಟರ್ ಬರೆಯುವಷ್ಟು ದಪ್ಪ ಕನ್ನಡ ಅಕ್ಷರದಲ್ಲಿ, "ದಾನವ್ವ" ಎಂದು ಬರೆದಿತ್ತು. ಮೇಲೆ ಬರೆದರೆ ವರ್ಕ್‌ಶಾಪಿನವರು ನಕ್ಕಾರೆಂದು ಮೀನಿಗೆ ಮಾತ್ರ ಕಾಣುವ ಜಾಗದಲ್ಲಿ ಬರೆದಿದ್ದಾರೆ. ಅರ್ಜಿದಾರಳು ಓದಿದಳು. ಓದಿ ಅಲ್ಲೇ ಮರಳಿನಲ್ಲಿ ಕೂತುಬಿಟ್ಟಳು. ಯಜಮಾನರು ತೊಟ್ಟಿಕ್ಕುತ್ತ ದಂಡೆಗೆ ಬಂದವರೇ, "ಏ, ಕೇಳಿಲ್ಲೆ, ದೋಣಿ ಬೋರಲ ಬಿದ್ದಿದ್ದು ನೋಡಿದೇನ?" ಎಂದು ಗಾಬರಿಯಲ್ಲಿ ಕೇಳಿದರು.

"ಕನ್ನಡಕ ಚೀಲದಾಗ ಇತ್ರಿ" ಎಂದಳು. ಸುಳ್ಳು. ಮೂಗಿನ ಮೇಲೆಯೇ ಇತ್ತು. ಗಾಬರಿಯಲ್ಲಿ ಅವರು ನೋಡಲಿಲ್ಲ.

೯. ಅಂದಿನಿಂದ ಮುಚ್ಚಳ ಮತ್ತೆ ಬಿದ್ದಿದೆ. ಹೂಕುಂಡ ಕೇಳಿದ ಇನ್ನೊಬ್ಬ ಗಿರಾಕಿ ಕಾಯಲಾರ, ಸೋಮವಾರ ಕಯಾಕನ್ನು ನಡುವೆ ಕೊಯ್ದು ಯಾವುದೋ ಬಿಲ್ಡಿಂಗಿನ ಗೇಟಿಗೆ ಎರಡು ಹೂಕುಂಡ ಮಾಡಿರೆಂದು ಗುರುಬಸವ ಹೇಳಿದ್ದಾರೆ. ಯಜಮಾನರು ಹೂಂ ಅಂದುಬಂದಿದ್ದಾರೆ. "ಟಾಕಿ ಮಾಡವ್ನ ಹಣ್ಯಾಗ ಟಾಕಿನ ಬರದೈತಿ, ಬಿಡ" ಎನ್ನುತ್ತಾರೆ. ಅಮೋಲನಾದರೂ ಫೋನಿನಲ್ಲಿ, "ಛತ್ರಿ ನಾಪಾಸ್, ಕಾಕಾ. ಕಯಾಕ್ ಪುನ್ಹಾ ಆಣಾ," ಅಂದಿದ್ದಾನೆ. ಅಂದರೆ ನಾಪಾಸಾದದ್ದು ಛತ್ರಿ ಮಾತ್ರ, ದೋಣಿಯನ್ನು ಮತ್ತೆ ತರಬಹುದು. ಭಾನುವಾರ ಒಂದೇ ಉಳಿದಿದೆ. ಅರ್ಜಿದಾರಳು ನಿನ್ನೆ ಗದರಿ ಅವರನ್ನು ಒಪ್ಪಿಸಿದ್ದಾಳೆ. ತನ್ನ ಹೆಸರನ್ನು ಗರಗಸದಲ್ಲಿ ಕೊಯ್ದು, ಒಂದು ಕುಂಡದಲ್ಲಿ "ದಾನ", ಇನ್ನೊಂದರಲ್ಲಿ "ವ್ವ" ಬೆಳೆಸುವುದು ಅವಳಿಗೆ ಸರ್ವಥಾ ಸಮ್ಮತವಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಅರ್ಧ ಹುಟ್ಟನ್ನು ಭಾನುವಾರದೊಳಗೆ ದಂಡೆಗೆ ತಲುಪಿಸಬೇಕೆಂದೂ, ಅಂದು ಅಲೆಗಳನ್ನು ಎದುರಿನಿಂದಲೇ, ಒಂದೊಂದಾಗಿ ಕಳುಹಿಸಬೇಕೆಂದೂ, ಯಜಮಾನರು ಮತ್ತೊಮ್ಮೆ ಹಾಗೆ ನಗುವವರೆಗೆ ಕಾಯಬೇಕೆಂದೂ ಕೋರಲಾಗಿದೆ. ಚಪ್ಪಲಿಯನ್ನು ತಾವೇ ಇಟ್ಟುಕೊಳ್ಳಬಹುದು.

ಇತಿ,
ತಮ್ಮ ಅರ್ಧ ವಿಶ್ವಾಸಿ
(ಉಳಿದರ್ಧ ಭಾನುವಾರದ ನಂತರ),
ದಾನವ್ವ

ಅಡಕಗಳು:
೧) ಜುಟ್ಟಿರುವ ಇಡೀ ತೆಂಗಿನಕಾಯಿ. ಒಡೆದಿಲ್ಲ, ಪರಿಶೀಲಿಸಬಹುದು.
೨) ಇನ್ನೊಂದು ಇಡೀ ತೆಂಗಿನಕಾಯಿ, ಹಳೆಯ ಚಟ್ನಿಯ ಬಾಬ್ತು.
ಛತ್ರಿಯನ್ನು ಲಗತ್ತಿಸಿಲ್ಲ, ಮನೆಯಲ್ಲಿ ಬೀಗ ಹಾಕಿ ಇಡಲಾಗಿದೆ.

ವಿ.ಸೂ.: ಇಷ್ಟಾದ ಮೇಲೂ ಮಗುಚಲೇಬೇಕೆಂದು ತಮಗೆ ತೋರಿದಲ್ಲಿ, ದೋಣಿಯ ತಳ ದಂಡೆಯ ಕಡೆಗೆ ಬರುವಂತೆ ಮಗುಚಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿರಬೇಕಾಗಿ ವಿನಂತಿ. ಅರ್ಜಿದಾರಳು ಈ ಸಲ ಎಲ್ಲರಿಗೂ ಕಾಣುವಂತೆ ಕನ್ನಡಕ ಹಾಕಿಕೊಂಡು ಬರುತ್ತಾಳೆ.